ತಮಾಷಾ ಬಂಗಲೆಯಲ್ಲಿ ಮಾವನ ಕಚೇರಿ

ಮೊದಲೇ ಹೇಳಿಬಿಡುತ್ತೇನೆ. ಅವತ್ತು ಮ್ಯೂಸಿಯಮ್ಮಿನಲ್ಲಿ ಕಚೇರಿ ಅಂತ ಯಾವುದೂ ನಡೆಯಲಿಲ್ಲ. ಒಬ್ಬ ಮುದುಕ ಎರಡು ಗಂಟೆ ಹೊತ್ತು ವೀಣೆ ರಿಪೇರಿ ಮಾಡಿದ, ಬಂದ ಜನ ಅದನ್ನೇ ಸಂಗೀತ ಅಂದುಕೊಂಡು ತಲೆದೂಗಿದರು. ನಡೆದದ್ದು ಇಷ್ಟೆ.

ಈಗಲೂ ನಮ್ಮ ಕಡೆಯ ಮದುವೆ ಮುಂಜಿಗಳಲ್ಲಿ ಯಾರಾದರೂ ಎದುರು ಸಿಕ್ಕಿ, "ನಿಮ್ಮ ಮಾವ ಹುಲಿ ಮುಂದೆ ಕೂತು ವೀಣೆ ನುಡಿಸಿದ್ರಂತಲ್ಲ, ಎಂಥಾ ವಿದ್ವಾಂಸರು!" ಎನ್ನುತ್ತಾರೆ. ನಾನು ಬಾಯಿಗೆ ಲಾಡು ಹಾಕಿಕೊಳ್ಳುತ್ತೇನೆ. ಏನು ಹೇಳಲಿ? ಹುಲಿ ಇತ್ತು, ನಿಜ. ವೀಣೆಯೂ ಇತ್ತು, ನಿಜ. ಆದರೆ ನಮ್ಮ ಮಾವನಿಗೆ ವೀಣೆ ನುಡಿಸುವುದಕ್ಕೇ ಬರುತ್ತಿರಲಿಲ್ಲ!

ಮಾವ ಅಂದರೆ ಗಂಡನ ತಂದೆಯಲ್ಲ. ನಮ್ಮ ಯಜಮಾನರ ಸೋದರಮಾವ. ಜಯನಗರದ ನಮ್ಮ ಮನೆಯ ಹಿಂದೆ ಎರಡು ಕೋಣೆ ಕಟ್ಟಿಸಿಕೊಂಡು ಅವರೂ ಅವರ ಹೆಂಡತಿಯೂ ಇದ್ದರು. ಮಕ್ಕಳಿರಲಿಲ್ಲ. ಅಂಚೆ ಆಫೀಸಿನಲ್ಲಿ ಮೂವತ್ತು ವರ್ಷ ಕಾಗದಗಳಿಗೆ ಮುದ್ರೆ ಒತ್ತಿ ರಿಟೈರಾದವರು. ಮುದ್ರೆ ಒತ್ತುವ ಸದ್ದಿನಲ್ಲೇ ಯಾವ ಮೇಜಿನ ಕಾಲು ಕುಂಟುತ್ತಿದೆ ಅಂತ ಹೇಳುತ್ತಿದ್ದರಂತೆ. ದೇವರು ಎಲ್ಲರಿಗೂ ಎರಡು ಕಿವಿ ಕೊಟ್ಟ. ಇವರಿಗೆ ಕಿವಿ ಕೊಟ್ಟು, ಆಮೇಲೆ ಉಳಿದ ಜಾಗದಲ್ಲಿ ಮನುಷ್ಯನನ್ನು ತುಂಬಿದ.

ಆಗ ಜಯನಗರ ಅಂದರೆ ಮನೆಗಳಿಗಿಂತ ಖಾಲಿ ಸೈಟೇ ಜಾಸ್ತಿ. ಈಗ ಜೆ.ಪಿ. ನಗರ ಅನ್ನುತ್ತೀರಲ್ಲ, ಅಲ್ಲೆಲ್ಲ ರಾಗಿ ಹೊಲ. ಸಂಜೆಯಾದರೆ ಆ ಕಡೆಯಿಂದ ನರಿ ಕೂಗುತ್ತಿದ್ದವು. ನಾವು ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕುತ್ತಿದ್ದೆವು. ಮಾವ ಬಾಗಿಲು ತೆಗೆದು ಹೊರಗೆ ಬರುತ್ತಿದ್ದರು! "ಮೊದಲನೇದು ಸರಿಯಾಗೇ ಎತ್ಕೊಳ್ತು ಕಣಮ್ಮ. ಎರಡನೇದು ಸೇರ್ಕೊಳ್ಳೋವಾಗ ಜಾರ್ತು, ಕೇಳಿದ್ಯಾ?"

"ನರಿಗೆ ಹೇಳಿ ಮಾವ, ನಂಗ್ಯಾಕೆ?" ಎನ್ನುತ್ತಿದ್ದೆ.

ಬೇಗೂರು ಕಡೆಯಿಂದ ಒಬ್ಬಳು ಸೊಪ್ಪು ಹೊತ್ತು ತರುತ್ತಿದ್ದಳು. ಅವಳನ್ನು ಒಂದು ದಿನ ಗೇಟಿನ ಹತ್ತಿರ ನಿಲ್ಲಿಸಿಕೊಂಡರು.

"ಏನಮ್ಮಾ, ದಂಟಿನ ಸೊಪ್ಪೂ ಅಂತ ಕೂಗ್ತೀಯಲ್ಲ, ಕೊನೇಲಿ ಯಾಕೆ ಇಳಿಸ್ತೀಯ?"

"ಬುಟ್ಟೀನಾ ಬುದ್ಧಿ? ಇಳಿಸಿಲ್ವಲ್ಲ, ತಲೆ ಮೇಲೇ ಐತೆ."

"ಬುಟ್ಟಿ ಅಲ್ಲಮ್ಮ, ಧ್ವನಿ. ಎಲ್ಲಿ, ಇನ್ನೊಂದ್ಸಲ ಕೂಗು. ಹಾಂ, ಎತ್ತು, ಎತ್ತು, ಅಲ್ಲೇ ನಿಲ್ಲಿಸು!"

ಅವಳು ನಾಲ್ಕು ಸಲ ಕೂಗುವ ಹೊತ್ತಿಗೆ ಏನಾಯಿತೋ ಎಂದು ರಸ್ತೆಯ ಹೆಂಗಸರೆಲ್ಲ ಹೊರಗೆ ಬಂದರು. ಬಂದವರು ಬರಿಗೈಲಿ ಹೋಗುತ್ತಾರೆಯೇ? ಒಂದೊಂದು ಕಟ್ಟು ಸೊಪ್ಪು ತೆಗೆದುಕೊಂಡರು. ಬುಟ್ಟಿ ಖಾಲಿ! ಮಾರನೆಯ ದಿನದಿಂದ ಅವಳು ನೇರ ಮಾವನ ಕಿಟಕಿಯ ಕೆಳಗೇ ಬಂದು ನಿಲ್ಲುತ್ತಿದ್ದಳು: "ಸ್ವಾಮೀ, ಇವತ್ತು ಪಾಠ ಇಲ್ವಾ?"

ನನಗೊಂದು ಹಿತ್ತಾಳೆ ಕೊಡ ಬೇಕಾಗಿತ್ತು. ಯಜಮಾನರಿಗೆ ಆಫೀಸು, ಮಾವನ ಜೊತೆ ಪೇಟೆಗೆ ಹೋದೆ. ಅದು ನನ್ನ ತಪ್ಪು. ಅಂಗಡಿಯ ಕೊಡಗಳನ್ನೆಲ್ಲ ಸಾಲಾಗಿ ಇಡಿಸಿ, ಬೆರಳಿನ ಗೆಣ್ಣಿನಿಂದ ಒಂದೊಂದನ್ನೇ ಬಡಿದು, ಕಣ್ಣು ಮುಚ್ಚಿಕೊಂಡು ಕೂತರು. ಅಂಗಡಿಯವನು ಕೇಳಿದ: "ಸ್ವಾಮಿ, ನೀರು ತುಂಬೋಕೋ, ಬಾರ್ಸೋಕೋ?" ಕೊನೆಗೆ ಒಂದನ್ನು ಆರಿಸಿದರು. ಮನೆಗೆ ತಂದು ನೀರು ತುಂಬಿದರೆ ತಳದಲ್ಲಿ ಸೋರುತ್ತಿದೆ!

"ಸೋರಿದ್ರೆ ಏನಾಯ್ತಮ್ಮ, ನಾದ ಕೇಳು!"

ನಾದ ಕೇಳಿಕೊಂಡೇ ಹನ್ನೆರಡು ವರ್ಷ ಸೋರುವ ಕೊಡದಲ್ಲಿ ನೀರು ಹೊತ್ತೆ. ಸೊಂಟದ ಸೀರೆ ಒಣಗಿದ ದಿನವೇ ಇಲ್ಲ.

ಇಂಥ ಕಿವಿಯ ಮನುಷ್ಯ ಏನಾದರೂ ಹಾಡಬೇಕಿತ್ತು, ಇಲ್ಲ ನುಡಿಸಬೇಕಿತ್ತು ತಾನೇ? ಊಹೂಂ. ಬಾಯಿ ತೆಗೆದರೆ ಕಾಗೆ. ನುಡಿಸುತ್ತಿದ್ದವರು ಅವರ ಹೆಂಡತಿ. ನಾವೆಲ್ಲ ಅವರನ್ನು ವೀಣೆ ಅತ್ತೆ ಎನ್ನುತ್ತಿದ್ದೆವು. ಬೆಳಗಿನ ಕಾಫಿ ಆದ ಮೇಲೆ ಒಂದು ಗಂಟೆ ವೀಣೆ. ಆಮೇಲೆ ಸಾರಿಗೆ ಒಗ್ಗರಣೆ. ಸಭೆಗೆ ಹೋಗಿ ನುಡಿಸಿದವರಲ್ಲ, ಹಾರ ಹಾಕಿಸಿಕೊಂಡವರಲ್ಲ. ಆದರೆ ಅವರು ನುಡಿಸುವಾಗ ನಮ್ಮ ಎಮ್ಮೆ ಹಾಲು ಕರೆಯುವುದಕ್ಕೆ ಒದೆಯದೆ ನಿಲ್ಲುತ್ತಿತ್ತು. ಅದಕ್ಕಿಂತ ದೊಡ್ಡ ಬಿರುದು ಬೇಕೆ?

ಮಾವನ ಕೆಲಸ ಬೇರೆ. ವೀಣೆಯ ದಂಡಿಯ ಮೇಲೆ ಇಪ್ಪತ್ನಾಲ್ಕು ಲೋಹದ ಮೆಟ್ಟಿಲುಗಳಿರುತ್ತವೆ. ಅವನ್ನು ಮೊಳೆ ಹೊಡೆದು ಕೂರಿಸುವುದಿಲ್ಲ, ಕರಿ ಮೇಣದಲ್ಲಿ ನೆಡುತ್ತಾರೆ. ಮೇಣ ಸೆಕೆಗೆ ಮೆತ್ತಗಾದರೆ ಮೆಟ್ಟಿಲು ಜರುಗುತ್ತದೆ. ಮೆಟ್ಟಿಲು ಜರುಗಿದರೆ ಸ್ವರವೂ ಜರುಗುತ್ತದೆ. ಆಗ ಮೇಣ ಕಾಯಿಸಿ, ತಂತಿ ಮೀಟಿ ನೋಡಿ, ಒಂದೊಂದು ಮೆಟ್ಟಿಲನ್ನೂ ಕಿವಿಯ ಲೆಕ್ಕದಲ್ಲಿ ಮತ್ತೆ ಕೂರಿಸಬೇಕು. ಅದಕ್ಕೆ ಮೇಳ ಕಟ್ಟುವುದು ಅನ್ನುತ್ತಾರೆ. ಅದರಲ್ಲಿ ಮಾವನದು ಎತ್ತಿದ ಕೈ. ಒಂದು ಸ್ವರ ಮೀಟಿ ಅಂದರೆ ಮೀಟುತ್ತಿದ್ದರು. ಎರಡನೆಯದನ್ನು ಅದರ ಪಕ್ಕಕ್ಕೆ ಸೇರಿಸಿ ಅಂದರೆ ಬೆವರುತ್ತಿದ್ದರು.

"ರೀ, ಐದನೇದು ಯಾಕೋ ಮುನಿಸ್ಕೊಂಡಿದೆ."

"ಕೂದಲೆಳೆ ಕೆಳಗಿದೆ ಕಣೇ. ಮುಟ್ಟಬೇಡ, ಬಂದೆ."

ಗಂಡ ಹೆಂಡತಿ ಬೇರೇನಾದರೂ ಮಾತಾಡಿಕೊಂಡದ್ದನ್ನು ನಾನು ಕೇಳಿದವಳಲ್ಲ. ನಲವತ್ತು ವರ್ಷದ ಸಂಸಾರ ಅಷ್ಟೇ ಮಾತಿನಲ್ಲಿ ಆಗಿಹೋಯಿತು.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ನನ್ನನ್ನೂ ಕೂರಿಸಿಕೊಂಡು ಕಲಿಸಲು ನೋಡಿದರು. ಎರಡು ವರ್ಷವಾದರೂ ನಾನು ಸರಳೆ ದಾಟಲಿಲ್ಲ. ಸರಳೆ ಅಂದರೆ ಸಂಗೀತದ ಅ ಆ ಇ ಈ. ಜಗಳವೆಲ್ಲ ಉಗುರಿನದು.

"ಬಲಗೈ ತೋರುಬೆರಳು, ನಡುಬೆರಳು, ಎರಡೇ ಎರಡು ಉಗುರು ಬಿಡೇ. ಉಗುರಿಲ್ಲದ ಕೈಲಿ ಮೀಟಿದ್ರೆ ಬಟ್ಟೆ ಒಗೆದ ಹಾಗೆ ಕೇಳುತ್ತೆ."

"ಉಗುರು ಬಿಟ್ರೆ ಹಿಟ್ಟು ಸಿಕ್ಕೊಳ್ಳುತ್ತೆ ಅತ್ತೆ. ನಾನು ಮುದ್ದೆ ಕಟ್ಟಬೇಕು."

ಪ್ರತಿ ಭಾನುವಾರ ಬೆಳಿಗ್ಗೆ ಹಿತ್ತಿಲ ಕಲ್ಲಿನ ಮೇಲೆ ಕೂತು ಹತ್ತೂ ಬೆರಳಿನ ಉಗುರು ಕತ್ತರಿಸುತ್ತಿದ್ದೆ. ಅತ್ತೆ ಅವರ ಕಿಟಕಿಯಿಂದ ನೋಡಿ, "ಹೂಂ, ಕತ್ತರಿಸು ಕತ್ತರಿಸು," ಎನ್ನುತ್ತಿದ್ದರು. ಕೊನೆಗೆ ಅವರೂ ಕೈಬಿಟ್ಟರು, ನಾನೂ ಬಿಟ್ಟೆ. ಇಬ್ಬರಿಗೂ ಆರಾಮವಾಯಿತು.

ಅತ್ತೆ ಒಂದು ಮಾಘದಲ್ಲಿ ಹೋದರು. ಮೂರು ತಿಂಗಳು ಮಲಗಿದ್ದು ಹೋದರು. ಮಾವನೇ ಮಾಡಿದರು, ಗಂಜಿ ಕುಡಿಸುವುದರಿಂದ ತಲೆ ಬಾಚುವವರೆಗೆ. ನಾವು ಮಾಡುತ್ತೇವೆಂದರೆ ಬಿಡಲಿಲ್ಲ.

ಆಮೇಲೆ ಒಂದು ವಿಚಿತ್ರ ನೋಡಿದೆ. ದಿನಕ್ಕೆ ಹತ್ತು ಸಲ ವೀಣೆಯ ಮುಂದೆ ಕೂರುತ್ತಿದ್ದ ಮನುಷ್ಯ ಅದರ ಮುಸುಕನ್ನೇ ತೆಗೆಯಲಿಲ್ಲ. ಆ ಮೂಲೆಯ ಕಡೆ ತಿರುಗುತ್ತಲೂ ಇರಲಿಲ್ಲ. ಗೋಡೆ ಕಡೆ ಮುಖ ಮಾಡಿ ಊಟ ಮಾಡುತ್ತಿದ್ದರು. ಯುಗಾದಿ ಕಳೆದ ಮೇಲೆ ಒಂದು ದಿನ ಬಂದು, "ನುಡಿಸೋರಿಲ್ಲದ ಮನೇಲಿ ವೀಣೆ ಇದ್ರೆ ಇಲಿ ನುಡಿಸುತ್ತೆ. ತಮಾಷಾ ಬಂಗಲೆಗೆ ಕೊಟ್ಬಿಡ್ತೀನಿ," ಅಂದರು.

ತಮಾಷಾ ಬಂಗಲೆ ಅಂದರೆ ಮ್ಯೂಸಿಯಂ. ಹಳಬರೆಲ್ಲ ಮ್ಯೂಸಿಯಮ್ಮಿಗೆ ಹಾಗೇ ಅನ್ನುತ್ತಿದ್ದದ್ದು. ಇದು ಸರ್ಕಾರದ್ದಲ್ಲ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಬ್ಬ ಕಾಫಿತೋಟದ ಸಾಹುಕಾರರ ಬಂಗಲೆ ಇತ್ತು. ಅವರಿಗೆ ಬೇಟೆಯ ಹುಚ್ಚು, ಹಳೇ ಸಾಮಾನಿನ ಹುಚ್ಚು. ಅವರು ಸತ್ತ ಮೇಲೆ ಟ್ರಸ್ಟಿನವರು ಬಂಗಲೆಯನ್ನೇ ಮ್ಯೂಸಿಯಂ ಮಾಡಿದ್ದರು. ಹುಲ್ಲು ತುಂಬಿದ ಹುಲಿ, ಬಾಯಿ ತೆರೆದ ಮೊಸಳೆ, ಕಾಡೆಮ್ಮೆಯ ತಲೆ, ಕತ್ತಿ, ಗಡಿಯಾರ, ಪಲ್ಲಕ್ಕಿ. ಮಾವ ಜಟಕಾದಲ್ಲಿ ವೀಣೆಯನ್ನು ಮಡಿಲಲ್ಲಿಟ್ಟುಕೊಂಡು ಹೋಗಿ, ಬರಿಮಡಿಲಲ್ಲಿ ಬಂದರು. ಅದು ಗಾಜಿನ ಪೆಟ್ಟಿಗೆಯೊಳಗೆ, ಹುಲಿಗೂ ಮೊಸಳೆಗೂ ನಡುವೆ ಕೂತಿತು. ಮುಂದೆ ಒಂದು ಕಾರ್ಡು: "ವೀಣೆ. ಹಲಸಿನ ಮರ. ಮುಟ್ಟಬಾರದು."

ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಮುಗಿಯುವುದಕ್ಕೆ ಆ ಪೆಟ್ಟಿಗೆ ಪಶ್ಚಿಮದ ಕಿಟಕಿಯ ಪಕ್ಕ ಇರಬಾರದಿತ್ತು! ವೈಶಾಖದ ಬಿಸಿಲು ಆ ಗಾಜಿನ ಮೇಲೆ ಬಿದ್ದು ಮೇಣವೆಲ್ಲ ಕರಗಿ, ಇಪ್ಪತ್ನಾಲ್ಕು ಮೆಟ್ಟಿಲೂ ಜಾತ್ರೆಗೆ ಹೊರಟ ಹಾಗೆ ಒಂದೊಂದು ದಿಕ್ಕಿಗೆ ಹೊರಟವು. ಮ್ಯೂಸಿಯಮ್ಮಿನ ಆಫೀಸರು ಬಹಳ ಶಿಸ್ತಿನ ಮನುಷ್ಯ. ಹುಲಿಯ ಮೀಸೆಯನ್ನು ಕೂಡ ಎರಡೂ ಕಡೆ ಸಮ ಮಾಡಿ ಕತ್ತರಿಸಿದ್ದರು. ಅವರು ಸುಮ್ಮನಿರುತ್ತಾರೆಯೇ? ಅಳತೆಗೋಲು ತಂದರು. ಇಪ್ಪತ್ನಾಲ್ಕು ಮೆಟ್ಟಿಲನ್ನೂ ಒಂದೇ ಸಮನಾದ ಅಂತರದಲ್ಲಿ, ಗೆರೆ ಎಳೆದ ಹಾಗೆ, ಹೊಸ ಮೇಣ ಹಾಕಿ ಕೂರಿಸಿಬಿಟ್ಟರು!

ವೀಣೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೆಟ್ಟಿಲುಗಳು ತಲೆಯ ಕಡೆ ದೂರ ದೂರ ಇರುತ್ತವೆ, ಕೆಳಗೆ ಬಂದ ಹಾಗೆ ಹತ್ತಿರ ಹತ್ತಿರವಾಗುತ್ತವೆ. ಅದು ಸೊಟ್ಟಲ್ಲ, ಅದೇ ಸಂಗೀತ. ಸಮ ಮಾಡಿದಿರೋ, ಅದು ವೀಣೆಯಲ್ಲ, ಏಣಿ.

ಒಂದು ಶನಿವಾರ ಮಾವ ಯಾಕೋ ಮನಸ್ಸು ಗಟ್ಟಿ ಮಾಡಿಕೊಂಡು ನೋಡಲು ಹೋದರು. ನಾನೂ ಜೊತೆಗಿದ್ದೆ. ಪೆಟ್ಟಿಗೆಯ ಮುಂದೆ ನಿಂತವರು ಗಾಜಿಗೆ ಹಣೆ ಹಚ್ಚಿ ಅಲ್ಲೇ ಕುಸಿದರು. ಖಾಕಿ ಹಾಕಿದ ಮುದುಕ ಕಾವಲುಗಾರ ಓಡಿ ಬಂದ. "ಹುಲಿ ನೋಡಿ ಹೆದರಿದ್ರಾ ಬುದ್ಧಿ? ಅದು ಸತ್ತೋಗೈತೆ."

"ಹುಲಿ ಅಲ್ಲಯ್ಯ, ಇದನ್ನ ಸಾಯಿಸಿದಾರೆ!"

ಆಫೀಸರು ಬಂದು ಹೆಮ್ಮೆಯಿಂದ ತೋರಿಸಿದರು. "ನೋಡಿ ಯಜಮಾನ್ರೆ, ನೀವು ಕೊಟ್ಟಾಗ ಹಲ್ಲು ಸೊಟ್ಟಗಿತ್ತು. ಈಗ ಎಲ್ಲಾ ಕರೆಕ್ಟಾಗಿದೆ. ಮುಕ್ಕಾಲಂಗುಲ, ಮುಕ್ಕಾಲಂಗುಲ!"

"ಸ್ವಾಮೀ, ಪೆಟ್ಟಿಗೆ ತೆಗೀರಿ. ಒಂದೇ ಒಂದು ದಿನ ಬಿಡಿ ನನ್ನ."

"ಆಗಲ್ಲ. ರೂಲ್ಸು. ಒಳಗೆ ಇಟ್ಟ ಮೇಲೆ ಕೊಟ್ಟೋರೂ ಮುಟ್ಟೋ ಹಾಗಿಲ್ಲ."

ಮಾವ ಆ ರಾತ್ರಿ ಉಣ್ಣಲಿಲ್ಲ. ಆಮೇಲೆ ಪ್ರತಿ ಶನಿವಾರ ಹೋಗುವುದು, ಗಾಜಿನ ಮುಂದೆ ನಿಲ್ಲುವುದು, ಬಾಗಿಲು ಹಾಕುವಾಗ ಬರುವುದು. ಕಾವಲುಗಾರ ಮೊದಲು ಕಳ್ಳ ಅಂದುಕೊಂಡ. ಆಮೇಲೆ ಹುಚ್ಚ ಅಂದುಕೊಂಡ. ಕೊನೆಗೆ ಒಂದು ಸ್ಟೂಲು ತಂದು ಹಾಕಿದ.

ಇಷ್ಟರಲ್ಲಿ ಟ್ರಸ್ಟಿನವರಿಗೆ ಒಂದು ಹೊಸ ಹುಕಿ ಬಂತು. ಮ್ಯೂಸಿಯಮ್ಮಿಗೆ ಜನ ಬರುವುದಿಲ್ಲ. ಸಂಗೀತ ಇಟ್ಟರೆ ಬರುತ್ತಾರೆ. ತಿಂಗಳಿಗೊಂದು ಶನಿವಾರ ಸಂಜೆ ದೊಡ್ಡ ಹಾಲಿನಲ್ಲಿ ಜಮಖಾನ ಹಾಸಿ ಕಚೇರಿ! ಸಭೆ ಅಂದರೆ ಸಭೆಯೇ? ವಿದ್ವಾಂಸರ ಬೆನ್ನಿಗೆ ಹುಲಿ, ಬಲಕ್ಕೆ ಮೊಸಳೆ, ನೆತ್ತಿಯ ಮೇಲೆ ಕಾಡೆಮ್ಮೆ. ಕೊಳಲಿನವರೊಬ್ಬರು ಹಿಂದಿರುಗಿ ಹುಲಿಯ ಬಾಯಿ ನೋಡಿದವರು ಆಮೇಲೆ ಉಸಿರೇ ಹಿಡಿಯಲಾರದೆ ಹೋದರು. ಮೃದಂಗದವರು ಎಡದ ಮುಚ್ಚಿಗೆಯ ಚರ್ಮಕ್ಕೆ ಮೆತ್ತುವ ರವೆಯ ಮುದ್ದೆ ಚೂರು ಚೂರಾಗಿ ಹಾರಿ ಮೊಸಳೆಯ ಬಾಯಿಗೆ ಬಿತ್ತು. ಸೋಮವಾರ ಬೆಳಿಗ್ಗೆ ನೋಡಿದರೆ ಅದರ ಬಾಯೊಳಗೆ ಇರುವೆಗಳ ಮೆರವಣಿಗೆ. ಆಫೀಸರು ಒಂದು ಹೊಸ ಬೋರ್ಡು ಹಾಕಿದರು: "ಪ್ರಾಣಿಗಳಿಗೆ ಆಹಾರ ಕೊಡಬಾರದು."

ಮಾವ ಒಂದು ಕಚೇರಿಯನ್ನೂ ಬಿಡಲಿಲ್ಲ. ಅವರು ಬಂದದ್ದು ಸಂಗೀತಕ್ಕಲ್ಲ. ವೀಣೆಯ ಪೆಟ್ಟಿಗೆಗೆ ಒರಗಿ ಕೂರುವುದಕ್ಕೆ. ಒಂದು ಸಂಜೆ ಹಾಡುವವರು ಒಂದು ಸ್ವರ ಹಿಡಿದು ನಿಲ್ಲಿಸಿದಾಗ ಇವರು ನನ್ನ ಮೊಣಕೈ ಹಿಡಿದುಕೊಂಡರು.

"ಕೇಳಿದ್ಯಾ? ಒಳಗಿಂದ ತಂತಿ ಉತ್ತರ ಕೊಡ್ತಿದೆ. ಇನ್ನೂ ಜೀವ ಇದೆ."

ನನಗೇನೂ ಕೇಳಿಸಲಿಲ್ಲ. ನನಗೆ ಕೇಳಿಸಿದ್ದು ಪಕ್ಕದವರ ಗೊರಕೆ.

ಆ ಕಚೇರಿ ಮುಗಿದ ಮೇಲೆ ಆಫೀಸರು ಎದ್ದು ನಿಂತರು. ಮುಂದಿನ ತಿಂಗಳು ಮ್ಯೂಸಿಯಮ್ಮಿನ ಸ್ವಂತ ವೀಣೆಯನ್ನೇ ಹೊರಗೆ ತೆಗೆಸಿ ನುಡಿಸಬೇಕೆಂಬುದು ಟ್ರಸ್ಟಿನವರ ಆಸೆ, ಅದಕ್ಕೆ ತಕ್ಕ ವಿದ್ವಾಂಸರು ಯಾರಾದರೂ... ಎನ್ನುವಷ್ಟರಲ್ಲಿ ನಮ್ಮ ಮಾವನ ಕೈ ಮೇಲೆದ್ದಿತ್ತು!

"ನಾನು! ಪೆಟ್ಟಿಗೆ ಮಾತ್ರ ನಾನೇ ತೆಗೀಬೇಕು. ಅದೊಂದೇ ನನ್ನ ಷರತ್ತು."

ಮನೆಗೆ ಹೋಗುವ ದಾರಿಯಲ್ಲಿ ಹಿಡಿದು ಕೇಳಿದೆ. "ಮಾವ, ನಿಮಗೆ ನುಡಿಸೋಕೆ ಎಲ್ಲಿ ಬರುತ್ತೆ?"

"ಬರಲ್ಲ."

"ಮತ್ತೆ ಜನರ ಮುಂದೆ ಕೂತು ಏನ್ಮಾಡ್ತೀರಿ?"

"ಬೀಗ ತೆಗೀತಾರಲ್ಲಮ್ಮ. ಆಮೇಲಿಂದು ಆಮೇಲೆ."

ಆಮಂತ್ರಣ ಅಚ್ಚಾಗಿ ಬಂತು. ಮಾವನ ಹೆಸರಿನ ಹಿಂದೆ "ವೈಣಿಕ ವಿದ್ವಾನ್"! ನಮ್ಮ ಯಜಮಾನರು ಅದನ್ನು ಓದಿ ಚಾಪೆಯ ಮೇಲೆ ಮಲಗಿಬಿಟ್ಟರು. "ನಾನು ಬರಲ್ಲ. ಊರೆಲ್ಲ ನಗುತ್ತೆ. ನೀನೂ ಹೋಗ್ಬೇಡ." ನಾನು ಹೋದೆ. ಮುದುಕರು ಅವಮಾನವಾದ ಮೇಲೆ ಮನೆಗೆ ನಡೆದುಕೊಂಡು ಬರಬೇಕಲ್ಲ, ಜೊತೆಗೆ ಒಬ್ಬರು ಬೇಡವೇ? ಅವರ ಚೀಲವನ್ನು ನಾನೇ ಹೊತ್ತೆ. ಅದರೊಳಗೆ ಏನಿದೆ ಎಂದು ನೋಡಲಿಲ್ಲ. ಭಾರವಿತ್ತು.

ಹಾಲಿನ ತುಂಬ ಜನ. ಮುಂದಿನ ಸಾಲಿನಲ್ಲಿ ಜರಿ ಶಾಲು ಹೊದ್ದ ಒಬ್ಬ ದೊಡ್ಡ ಮನುಷ್ಯರು. ಸಂಗೀತ ಬಲ್ಲವರಂತೆ, ಕಣ್ಣು ಮುಚ್ಚಿಯೇ ಒಳಗೆ ಬಂದಿದ್ದರು. ಪಕ್ಕವಾದ್ಯಕ್ಕೆ ಒಬ್ಬರು ಮೃದಂಗದವರು. ಐದು ಗಂಟೆಗೆ ಆಫೀಸರು ಬೀಗ ತೆಗೆದರು. ಮಾವ ವೀಣೆಯನ್ನು ಎತ್ತಿದ್ದು ಹೇಗೆಂದರೆ, ತೊಟ್ಟಿಲಿಂದ ನಿದ್ದೆಯ ಮಗುವನ್ನು ಎತ್ತುತ್ತಾರಲ್ಲ, ಹಾಗೆ. ಹುಲಿಯ ಮುಂದೆ ಕೂತರು. ಚೀಲದಿಂದ ಮೊದಲು ಒಂದು ಹಣತೆ ತೆಗೆದು ಹಚ್ಚಿದರು. ಜನ ಭಕ್ತಿಯಿಂದ ಕೈಮುಗಿದರು. ಆಮೇಲೆ ಒಂದು ಕಬ್ಬಿಣದ ಕಡ್ಡಿ ತೆಗೆದು ಆ ದೀಪದಲ್ಲಿ ಕಾಯಿಸಿದರು! ಮುಗಿದ ಕೈಗಳು ಹಾಗೇ ನಿಂತವು.

ಕಾದ ಕಡ್ಡಿಯಲ್ಲಿ ಮೇಣ ಮೆತ್ತಗೆ ಮಾಡಿದರು. ಆಫೀಸರ ಅಳತೆಯ ಮೊದಲನೆಯ ಮೆಟ್ಟಿಲನ್ನು ಕಿತ್ತರು. ತಂತಿ ಮೀಟಿದರು: ಟೊಂಯ್. ಮೆಟ್ಟಿಲನ್ನು ಒಂದಿಷ್ಟು ಸರಿಸಿದರು. ಟೊಂಯ್. ಒಂದು ಕೂದಲೆಳೆ ಹಿಂದೆ. ಟೊಂಯ್. ಕಣ್ಣು ಮುಚ್ಚಿದರು. ಒತ್ತಿದರು. ಎರಡನೆಯದಕ್ಕೆ ಹೋದರು.

ಹೀಗೆ ಅರ್ಧ ಗಂಟೆ!

"ಅಕ್ಕ, ಹಾಡೇ ಶುರುವಾಗ್ಲಿಲ್ವಲ್ಲ?" ನನ್ನ ಹಿಂದೆ ಒಬ್ಬಾಕೆ.

"ಸುಮ್ನಿರೇ. ನಮಗೆ ಅರ್ಥ ಆಗೋ ಹಾಗಿದ್ರೆ ಮ್ಯೂಸಿಯಮ್ಮಲ್ಲಿ ಯಾಕಿಡ್ತಿದ್ರು?"

ಮೃದಂಗದವರು ಬಗ್ಗಿ ಕೇಳಿದರು. "ಸ್ವಾಮಿ, ಯಾವ ತಾಳ?"

"ಆರೋವರೆಗೂ ತಡಿಯಪ್ಪ."

"ಏನು ಆರೋವರೆಗೂ?"

"ಮೇಣ."

ಅವರು ಮೃದಂಗದ ಮೇಲೆ ಗಲ್ಲವಿಟ್ಟು ಮಲಗಿದರು.

ನಾನು ಸೆರಗು ಬಾಯಿಗೆ ಹಿಡಿದು ಕೂತಿದ್ದೆ. ಇನ್ನೇನು ಯಾರಾದರೂ ಎದ್ದು, "ಏನ್ರೀ ಇದು ಮೋಸ!" ಅನ್ನಬೇಕು, ಮಾವನ ಕೈಯಿಂದ ವೀಣೆ ಕಸಿದು ಮತ್ತೆ ಪೆಟ್ಟಿಗೆಗೆ ಹಾಕಬೇಕು. ಆಯಿತು, ಮುಗಿಯಿತು. ಆಗ ಜರಿ ಶಾಲಿನವರು ಕಣ್ಣು ಬಿಡದೆಯೇ ಗಟ್ಟಿಯಾಗಿ ಹೇಳಿದರು: "ಹಳೇ ಪದ್ಧತಿ! ಮೊದಲು ಸ್ವರ ಕಟ್ಟಬೇಕು. ರಾಗಕ್ಕೆ ಅವಸರ ಮಾಡೋದು ಈಗಿನವರ ಚಾಳಿ." ಮುಗಿಯಿತಲ್ಲ! ಇಡೀ ಹಾಲು ಗಂಭೀರವಾಯಿತು. ಮಾವ ಟೊಂಯ್ ಎನ್ನಿಸಿದಾಗಲೆಲ್ಲ ನಾಲ್ಕು ಕಡೆಯಿಂದ "ಆಹಾ!" ಹಿಂದಿನವಳೂ ಆಹಾ ಅಂದಳು. ಕಾವಲುಗಾರನೂ ಅಂದ.

ಮರುಳಾಗದವರು ಆಫೀಸರು ಒಬ್ಬರೇ. ಬೆಕ್ಕಿನ ಹಾಗೆ ಹತ್ತಿರ ಬಂದು ಪಿಸುಗುಟ್ಟಿದರು. "ಯಜಮಾನ್ರೆ, ಏನ್ಮಾಡ್ತಿದೀರಿ? ನಾನು ಅಳತೆ ಮಾಡಿ ಇಟ್ಟಿದ್ದನ್ನ ಯಾಕೆ ಕೀಳ್ತಿದೀರಿ?"

ಮಾವ ಜಗಳವಾಡಲಿಲ್ಲ. ಅವರ ಬೆರಳು ಹಿಡಿದು, ಇನ್ನೂ ಅಳತೆಗೋಲಿನ ಜಾಗದಲ್ಲೇ ಇದ್ದ ಮೆಟ್ಟಿಲುಗಳ ಮೇಲೆ ಮೀಟಿಸಿದರು. ಆಮೇಲೆ ತಾವು ಕೂರಿಸಿದವುಗಳ ಮೇಲೆ ಮೀಟಿಸಿದರು. "ಕೇಳಿ."

ಆಫೀಸರು ಕೇಳಿದರು. ಕನ್ನಡಕ ತೆಗೆದರು. ಕಿವಿಗೂ ಕನ್ನಡಕಕ್ಕೂ ಏನು ಸಂಬಂಧವೋ!

"ಇನ್ನೊಂದ್ಸಲ," ಅಂದರು.

ಇನ್ನೊಂದು ಸಲ ಆಯಿತು. ಆಫೀಸರು ಜಮಖಾನದ ಮೇಲೆ ಮಂಡಿಯೂರಿ ಕೂತು, ಹಣತೆಯನ್ನು ಕೈಗೆತ್ತಿಕೊಂಡು ಮಾವನಿಗೆ ಬೆಳಕು ಹಿಡಿದರು. ಉಳಿದ ಹೊತ್ತೆಲ್ಲ ಹಾಗೇ ಹಿಡಿದಿದ್ದರು.

ಏಳು ಗಂಟೆಯಾಯಿತು. ನಾನು ಎಣಿಸುತ್ತಲೇ ಇದ್ದೆ: ಹನ್ನೆರಡು ಮೆಟ್ಟಿಲು ಆಗಿತ್ತು. ಇನ್ನು ಹನ್ನೆರಡು ಬಾಕಿ. ಬಂಗಲೆಯ ಬಾಗಿಲು ಹಾಕುವುದಕ್ಕೆ ಹತ್ತು ನಿಮಿಷ. ಜರಿ ಶಾಲಿನವರು ಕಣ್ಣು ಬಿಟ್ಟರು. "ವಿದ್ವಾನ್, ಈಗ ಒಂದು ಕೃತಿ ಆಗಲಿ."

ಈಗ ಸಿಕ್ಕಿಬಿದ್ದರಲ್ಲ! ಮಾವ ತಲೆ ಎತ್ತಿ ಜನರನ್ನು ನೋಡಿದರು. ಅಷ್ಟು ಜನ ಇದ್ದಾರೆಂದು ಅವರಿಗೆ ಆಗಲೇ ಗೊತ್ತಾದದ್ದು ಅಂತ ಕಾಣುತ್ತದೆ. ಆಮೇಲೆ ನನ್ನ ಕಡೆ ತಿರುಗಿದರು.

"ಹುಡುಗೀ, ಬಾ ಇಲ್ಲಿ."

"ನಾನಾ? ಮಾವ, ಬೇಡ. ಮುಟ್ಟಿ ಹದಿನೈದು ವರ್ಷ ಆಯ್ತು."

"ಸರಳೆ ಸಾಕು. ಹನ್ನೆರಡು ಮೆಟ್ಟಿಲಲ್ಲಿ ಬೇರೇನೂ ಆಗಲ್ಲ."

"ನಗ್ತಾರೆ ಮಾವ."

"ನಗ್ಲಿ. ನೀನು ಮೀಟಮ್ಮ. ನಾನು ಕೇಳಬೇಕು."

ಹೋಗಿ ಕೂತೆ. ಇನ್ನೇನು ಮಾಡಲಿ? ಬೆಳಿಗ್ಗೆ ಹುಣಸೆಹಣ್ಣು ಕಿವುಚಿದ ಕೈ, ಉಗುರಿಲ್ಲದ ಬೆರಳು. ಸ ರಿ ಗ ಮ ಪ ದ ನಿ ಸ. ಬಟ್ಟೆ ಒಗೆದ ಹಾಗೇ ಕೇಳಿತು, ಅತ್ತೆ ಹೇಳುತ್ತಿದ್ದದ್ದು ಸುಳ್ಳಲ್ಲ. ಎರಡು ಕಡೆ ತಪ್ಪಿದೆ, ಮತ್ತೆ ಹಿಡಿದೆ. ನಿದ್ದೆಯಿಂದೆದ್ದ ಮೃದಂಗದವರು ಎರಡು ಗಂಟೆಯ ಹಸಿವೆಲ್ಲ ಸೇರಿಸಿ ನನ್ನ ಸರಳೆಗೆ ಧಡಧಡ ಬಾರಿಸಿದರು. ಹುಲಿ ಎದ್ದು ಓಡದಿದ್ದದ್ದು ಪುಣ್ಯ!

ಮಾವ ಮಾತ್ರ ತಲೆ ಬಗ್ಗಿಸಿ, ವೀಣೆಯ ಸೋರೆಬುರುಡೆಗೆ ಕಿವಿ ಕೊಟ್ಟು ಕೂತಿದ್ದರು. ಮುಗಿದ ಮೇಲೂ ಕಿವಿ ತೆಗೆಯಲಿಲ್ಲ. ಜನ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಆ ಗದ್ದಲದಲ್ಲಿ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ನಿನ್ನ ಕೈ ಕೆಟ್ಟಿದೆ. ಮೇಳ ಸರಿಯಾಗಿದೆ."

ಕಣ್ಣೊರೆಸಿಕೊಂಡರು ಎಂದು ಬರೆದರೆ ಸುಳ್ಳಾಗುತ್ತದೆ. ಮೂಗೊರೆಸಿಕೊಂಡರು.

ಬೀಗ ಹಾಕುವಾಗ ಆಫೀಸರು ಕೇಳಿದರು. "ಉಳಿದ ಹನ್ನೆರಡು?"

"ನೀವು ಬಾಗಿಲು ತೆಗೆದ ದಿನ."

ಆಫೀಸರು ತಲೆ ಕೆರೆದುಕೊಂಡರು. "ರೂಲ್ಸು ಏನಂದ್ರೆ, ಕಚೇರಿ ಇದ್ರೆ ಮಾತ್ರ ಪೆಟ್ಟಿಗೆ ತೆಗೀಬಹುದು. ಪ್ರತಿ ತಿಂಗಳು ಬೇಕಾದ್ರೂ ಇಡೋಣ. ಕಿಟಕಿಗೆ ಪರದೆ ನಾಳೇನೇ ಹಾಕಿಸ್ತೀನಿ. ಆದ್ರೆ ಯಾರಾದ್ರೂ ನುಡಿಸ್ಬೇಕಲ್ಲ?"

ಇಬ್ಬರೂ ನನ್ನ ಮುಖ ನೋಡಿದರು. "ನನ್ನ ಕೈಲಾಗಲ್ಲ. ಮನೆ ತುಂಬ ಕೆಲಸ ಇದೆ," ಎಂದು ಚೀಲ ಎತ್ತಿಕೊಂಡು ಹೊರಟೆ.

ಮನೆಯ ದಾರಿ ಅರ್ಧ ಸವೆದಿತ್ತು. ಖಾಲಿ ಸೈಟುಗಳ ಆಚೆ ನರಿ ಕೂಗಿತು, ಮಾವ ಅದನ್ನು ತಿದ್ದಲಿಲ್ಲ. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

"ಮಲಗಿದ್ದಾಗ ಅವಳು ಕೇಳಿದ್ಲು ಕಣಮ್ಮ. ಹೋಗೋ ಹಿಂದಿನ ದಿನ. ಮೇಳ ಸರಿಯಾಗಿದ್ಯಾ ರೀ, ಅಂತ. ನಾನು ಮೂರು ತಿಂಗಳಿಂದ ಆ ಕಡೆ ತಿರುಗಿ ನೋಡಿರ್ಲಿಲ್ಲ. ಹೂಂ, ಸರಿಯಾಗಿದೆ ಅಂದೆ." ನಾಲ್ಕು ಹೆಜ್ಜೆ ನಡೆದರು. "ನಲವತ್ತು ವರ್ಷದಲ್ಲಿ ಅವಳಿಗೆ ಅದೊಂದೇ ಸುಳ್ಳು ಹೇಳಿದ್ದು. ಇವತ್ತು ಅರ್ಧ ನಿಜ ಆಯ್ತು."

ಮನೆಗೆ ಬಂದು ಅವರಿಗೆ ಬಿಸಿ ಸಾರು ಬಡಿಸಿದೆ. ಅವರು ಅವತ್ತು ಗೋಡೆಗೆ ಬೆನ್ನು ಹಾಕಿ ಕೂತು ಉಂಡರು.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಎದ್ದು ಒಲೆ ಹಚ್ಚಿದೆ, ಹಾಲು ಕಾಯಿಸಿದೆ, ಕಾಫಿ ಕೊಟ್ಟೆ. ಆಮೇಲೆ ಹಿತ್ತಿಲ ಕಲ್ಲಿನ ಮೇಲೆ ಕೂತು ಉಗುರು ಕತ್ತರಿಸಿದೆ. ಎಂಟು ಬೆರಳಿನದು.